ನನ್ನ ಸ್ವೆಟರಿನಲ್ಲಿ ಇನ್ನೊಬ್ಬರ ಕೈ

ಪುಣೆಯಲ್ಲಿ ಸ್ವೆಟರ್ ಹೆಣೆಯುವವರನ್ನು ಕಂಡರೆ ಜನರಿಗೆ ನಗು ಬರುತ್ತದೆ. ಇಲ್ಲಿ ಚಳಿ ಬಂತು ಅನ್ನುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಆದರೂ ಕೋಥರೂಡಿನ ನಮ್ಮ ಸೊಸೈಟಿಯಲ್ಲಿ ನಾವು ನಾಲ್ವರು ಹೆಂಗಸರು ವರ್ಷವಿಡೀ ಹೆಣೆಯುತ್ತೇವೆ. ಮೇ ತಿಂಗಳಲ್ಲಿ ಫ್ಯಾನು ಗರಗರ ತಿರುಗುತ್ತಿರುವಾಗಲೂ ನಮ್ಮ ತೊಡೆಯ ಮೇಲೆ ಉಲ್ಲನ್ ಇರುತ್ತದೆ. ಇಷ್ಟೆಲ್ಲ ಯಾರಿಗೆ ಅಂತ ಮಾತ್ರ ಕೇಳಬಾರದು. ಗೇಟಿನ ವಾಚ್‌ಮನ್ ನಮ್ಮನ್ನು ದೂರದಿಂದ ನೋಡಿದರೂ ಸಾಕು, ಇನ್ನೊಂದು ಟೋಪಿ ಬಂತೇನೋ ಎಂದು ತಲೆ ಮುಟ್ಟಿಕೊಳ್ಳುತ್ತಾನೆ.

ನಾವು ಕೂಡುವುದು ಕೆಳಗಿನ ಮಹಡಿಯ ನನ್ನ ಗೆಳತಿಯ ಮನೆಯಲ್ಲಿ. ಆಕೆ ಬೆಳಗಾವಿಯವಳು, ನಾನು ಧಾರವಾಡದವಳು. ಕುಂದಾ ಮೇಲೋ ಪೇಢೆ ಮೇಲೋ ಎಂಬ ನಮ್ಮ ವ್ಯಾಜ್ಯ ಇನ್ನೂ ತೀರಿಲ್ಲ. ಮೂರನೆಯವರು ಎದುರು ಮನೆಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಬಾಯಲ್ಲಿ ‘ಕಾಕು’. ಅವರಿಗೆ ನಮ್ಮ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಬಾಯಿ ಬಿಟ್ಟರೆ ಸೊಸೆಯ ಪುರಾಣ. ನಾಲ್ಕನೆಯವಳು ಬೆಂಗಳೂರಿನ ಹುಡುಗಿ, ಮನೆಯಿಂದಲೇ ಕಂಪನಿ ಕೆಲಸ ಮಾಡುವವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೀಟಿಂಗಿನಲ್ಲಿ ಇದ್ದುಕೊಂಡೇ ಮಫ್ಲರ್ ಹೆಣೆಯುತ್ತಾಳೆ. ಒಮ್ಮೆ ಮ್ಯೂಟ್ ಮಾಡುವುದನ್ನು ಮರೆತು, ಕಾಕು ಸೊಸೆಯ ಬಗ್ಗೆ ಆಡಿದ್ದನ್ನೆಲ್ಲ ಅವಳ ಮ್ಯಾನೇಜರು ಕೇಳಿಸಿಕೊಂಡ. ಅವನೂ ಮರಾಠಿಯವನೇ. ಆ ದಿನ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಬ್ಬರ ಸೂಜಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ದಾರವನ್ನು ಬೆರಳಿಗೆ ಸುತ್ತಿ ಎಳೆಯುವ ಬಿಗಿ ಒಬ್ಬೊಬ್ಬರದು ಒಂದೊಂದು ಥರ. ಅದಕ್ಕೆ ನಾವು ‘ಕೈ’ ಅನ್ನುತ್ತೇವೆ. ಒಂದೇ ಸ್ವೆಟರಿನಲ್ಲಿ ಎರಡು ಕೈ ಬಿದ್ದರೆ ಬಟ್ಟೆ ಒಂದು ಕಡೆ ಬಿರುಸು, ಒಂದು ಕಡೆ ಸಡಿಲ. ನನ್ನ ಕೈ ಭಾರಿ ಬಿಗಿ. ನಾನು ಹೆಣೆದ ಕಾಲುಚೀಲ ನೆಲದ ಮೇಲೆ ತಾನೇ ನಿಲ್ಲುತ್ತದೆ ಎಂದು ಬೆಳಗಾವಿಯವಳು ಹಂಗಿಸುತ್ತಾಳೆ. ಅವಳದು ಸಡಿಲ ಕೈ, ಹೆಣೆದದ್ದೆಲ್ಲ ತೊಟ್ಟ ವಾರಕ್ಕೇ ಮೊಣಕಾಲಿಗೆ ಇಳಿಯುತ್ತದೆ ಎಂದು ನಾನು ತಿರುಗಿ ಹಂಗಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಮಗಳಿಗೆಂದು ಸ್ವೆಟರ್ ಹಿಡಿದೆ. ಅವಳ ಕೆಲಸ, ಮನೆ ಎರಡೂ ಊರಿನ ಇನ್ನೊಂದು ತುದಿಯ ಹಿಂಜವಾಡಿಯಲ್ಲಿ. ಹೊರಗೆ ಹೇಗೇ ಇರಲಿ, ಆಫೀಸಿನ ಎಸಿಯಲ್ಲಿ ನಡುಗಿ ಸಾಯುತ್ತೇನೆ ಎನ್ನುತ್ತಿದ್ದಳು. ಎದೆಯ ಮೇಲೆ ಉದ್ದಕ್ಕೆ ಜಡೆ ಇಳಿಯುವ ಮಾದರಿ ಆರಿಸಿದೆ. ನಡುವಿನ ಕೆಲವು ಟಾಕೆಗಳನ್ನು, ಅಂದರೆ ಸೂಜಿಯ ಮೇಲಿನ ಕುಣಿಕೆಗಳನ್ನು, ಬೇರೆ ಸೂಜಿಗೆ ತೆಗೆದು, ಆಗಾಗ ಒಂದೇ ದಿಕ್ಕಿಗೆ ದಾಟಿಸುತ್ತ ಹೋದರೆ ಜಡೆ ಮೂಡುತ್ತದೆ. ಇದನ್ನು ನಾನು ಅವ್ವನ ಪಕ್ಕ ಕೂತು ಕಲಿತವಳು, ಕಣ್ಣು ಮುಚ್ಚಿ ಹಾಕಬಲ್ಲೆ. ಉಲ್ಲನ್ನಿನ ಎಳೆ ಮೂಗಿಗೆ ಹೋದರೆ ನಮ್ಮ ಮನೆಯವರಿಗೆ ಸೀನು ನಿಲ್ಲುವುದಿಲ್ಲ. ಹಾಗಾಗಿ ನನ್ನ ಹೆಣಿಗೆಯ ಚೀಲ ಯಾವಾಗಲೂ ಗೆಳತಿಯ ಮನೆಯಲ್ಲೇ ಇರುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಮಗಳು ಬರುವವಳಿದ್ದಳು. ಅಳತೆ ನೋಡೋಣವೆಂದು ಚೀಲವನ್ನು ಮನೆಗೆ ತಂದೆ. ಅವಳ ಎದೆಗೆ ಹಿಡಿದು ನೋಡಿದೆ. "ಮಸ್ತ್ ಆಗೇದವ್ವಾ," ಎಂದು ಅವಳು ಊಟಕ್ಕೆ ಕೂತಳು. ಮಡಚಿಡುವಾಗ ನನ್ನ ಹೆಬ್ಬೆರಳಿಗೆ ಏನೋ ಬೇರೆಯೆನಿಸಿತು. ಬಿಗಿಯಾಗಿ ಬಂದ ಬಟ್ಟೆ ಒಂದು ಕಡೆ ಮೆತ್ತಗಾಗಿತ್ತು. ಬಾಲ್ಕನಿಯ ಬೆಳಕಿಗೆ ಹಿಡಿದೆ. ಒಂದು ಕಡೆಯಲ್ಲ, ಅಲ್ಲಲ್ಲಿ ಪಟ್ಟಿ ಪಟ್ಟಿಯಾಗಿ ಸಡಿಲ. ಅದು ನನ್ನ ಕೈ ಅಲ್ಲ. ಯಾರದೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ ಇರುವಂಥದ್ದು. ಮರುದಿನ ಮಧ್ಯಾಹ್ನ ಎಲ್ಲರೂ ಕೂತಿರುವಾಗಲೇ ಸ್ವೆಟರನ್ನು ಬೆಳಗಾವಿಯವಳ ಮುಂದೆ ಒಗೆದೆ.

"ನನ್ನ ಹೆಣಿಕಿ ಮುಟ್ಟಾಕ ನಿನಗ ಯಾರು ಹೇಳಿದ್ರು? ನನ್ನ ಮಗಳಿಗೆ ನಿನ್ನ ಜೋಳಿಗಿ ತೊಡಸ್ಲಿ ಏನು?"

ಅವಳು ತಿರುಗಿ ಬಯ್ಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ತಲೆ ತಗ್ಗಿಸಿದಳು. ಕಾಕು ಫ್ಯಾನು ನೋಡತೊಡಗಿದರು. ಹುಡುಗಿ ಕಿವಿಯಿಂದ ಹೆಡ್‌ಫೋನ್ ತೆಗೆದಳು. ಇವರೆಲ್ಲರಿಗೂ ಗೊತ್ತಿರುವುದು ಏನೋ ಒಂದು ನನಗೊಬ್ಬಳಿಗೇ ಗೊತ್ತಿಲ್ಲ ಎಂದು ಆಗ ತಿಳಿಯಿತು.

"ಜಡಿ ತಪ್ಪಲಿಕತ್ತಾವ್ರಿ ಅಕ್ಕಾರ," ಎಂದಳು ಬೆಳಗಾವಿಯವಳು ಕಡೆಗೆ. "ಒಂದೀಟು ಮುಂದ ಹೋಗೂದ್ರಾಗ ಉಲ್ಟಾ ತಿರುಗ್ತಾವ. ಗಣಪತಿ ಹಬ್ಬದ ಮುಂದ ಶುರು ಆತು. ಮೊದಲ ಕಣ್ಣಿಂದು ಇರಬೇಕು ಅಂದ್ಕೊಂಡೆ. ನೀವು ಮನೀಗೆ ಹೋದ ಮ್ಯಾಲ ಬಿಚ್ಚಿ, ಸರಿ ಮಾಡಿ ಇಡ್ತಿದ್ದೆ. ಮರುದಿನ ಮತ್ತ ಅದ. ನಿಮ್ಮಂಗ ಬಿಗಿ ಎಳೀಲಿಕ್ಕೆ ಭಾಳ ನೋಡ್ದೆ, ಬೆರಳು ಬಾತವು, ಬರಲಿಲ್ಲ."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಹ್ಯಾಂಗ್ ಹೇಳೂದ್ರಿ ನಿಮಗ? ನಿಮ್ಮ ಅವ್ವಾರ ಕಥಿ ನೀವ ಹೇಳೀರಲ್ಲ."

ಹೌದು, ನಾನೇ ಹೇಳಿದ್ದೆ. ಅವ್ವ ಕಡೆಯ ವರ್ಷಗಳಲ್ಲಿ ನನ್ನನ್ನು ನೋಡಿ "ಯಾರವ್ವಾ ನೀ, ಯಾರ ಪೈಕಿ?" ಎಂದು ಕೇಳುತ್ತಿದ್ದಳು. ಅದಕ್ಕೂ ಮೊದಲು ಒಲೆಯ ಮೇಲಿನ ಹಾಲು, ದೇವರ ಮುಂದಿನ ದೀಪ, ಒಂದೊಂದೇ ಅವಳಿಗೆ ಮರೆತುಹೋದವು. ಆ ರೋಗ ನನಗೂ ಬಂದೀತೆಂಬ ಹೆದರಿಕೆ ನನಗೆ ಎಷ್ಟೋ ವರ್ಷಗಳಿಂದ ಇದೆ. ಸೂಜಿ ಹಿಡಿದಾಗಲೆಲ್ಲ, ಬೆರಳು ನಡೆಯುತ್ತಿದೆ ಅಂದರೆ ತಲೆಯೂ ನಡೆಯುತ್ತಿದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಳ್ಳುತ್ತಿದ್ದೆ. ಈಗ ನೋಡಿದರೆ ಆ ಧೈರ್ಯವನ್ನೂ ಇವಳೇ ದಿನಾ ಸಂಜೆ ಕೂತು ಹೆಣೆದಿಟ್ಟಿದ್ದಳು. ಅಳು ಒತ್ತರಿಸಿ ಬಂತು. ಆದರೆ ಅಳುವುದಕ್ಕಿಂತ ಜಗಳವಾಡುವುದು ನನಗೆ ಮೊದಲಿನಿಂದಲೂ ಸುಲಭ.

"ಸುಳ್ಳು," ಎಂದೆ. "ಈಗ ನಿಮ್ಮ ಮುಂದ ಹಾಕ್ತೀನಿ. ಯಾರರ ಕೈ ಹಚ್ಚಿದ್ರ ನೋಡ್ರಿ ಮತ್ತ."

ಕಾಕು "ಜಾಊ ದ್ಯಾ ಹೋ," ಬಿಟ್ಟುಬಿಡಿ ಎಂದರು. ನಾನು ಕೇಳಲಿಲ್ಲ. ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತೆ. ಏನೂ ಆಗಿಲ್ಲವೆಂಬಂತೆ ಇರಲು ಅವರೂ ತಮ್ಮ ತಮ್ಮ ಸೂಜಿ ಹಿಡಿದರು. ಕಾಕು ಸೊಸೆಯ ಮಾತು ತೆಗೆದರು, ಅವರಿಗೇ ಅದರಲ್ಲಿ ರುಚಿ ಇರಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತ, ಸಾಲು ಮುಗಿಸಿ ಸಾಲು ಹಾಕುತ್ತ, ದಾಟಿಸಬೇಕಾದಲ್ಲಿ ದಾಟಿಸುತ್ತ ಹೋದೆ. ಬೆರಳು ಎಂದಿನಂತೆ ಓಡಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಒಂದು ಹೊತ್ತಿಗೆ ಕೋಣೆಯಲ್ಲಿ ನನ್ನ ಸೂಜಿಯ ಸದ್ದೊಂದೇ ಉಳಿದಿತ್ತು. ತಲೆ ಎತ್ತಿದರೆ ಮೂವರೂ ನನ್ನ ಹೆಣಿಗೆಯನ್ನೇ ನೋಡುತ್ತಿದ್ದರು.

ಸ್ವೆಟರನ್ನು ಮೇಜಿನ ಮೇಲೆ ಹರವಿದೆ. "ಹೇಳು, ಎಲ್ಲಿ ತಪ್ಪೇದ?"

"ಚಲೋ ಆಗೇದ್ರಿ," ಎಂದಳು ಬೆಳಗಾವಿಯವಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ, ಕುತ್ತಿಗೆಯೆಲ್ಲ ಕೆಂಪಾಗುತ್ತದೆ.

"ನನ್ನ ಮಾರಿ ನೋಡಿ ಹೇಳು."

ಅವಳು ಜಡೆಯ ಮೇಲೆ ಒಂದು ಕಡೆ ಬೆರಳಿಟ್ಟಳು. ನಾನು ಹುಡುಗಿಯ ಕಡೆ ತಿರುಗಿದೆ. "ಹೌದು ಆಂಟಿ," ಎಂದಳು ಮೆಲ್ಲಗೆ, "ಅಲ್ಲಿಂದ ಮೇಲಕ್ಕೆ ಜಡೆ ಬೇರೆ ಸೈಡಿಗೆ ತಿರುಗಿದೆ."

ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡೆ. ಅವಳು ಬೆರಳಿಟ್ಟ ಜಾಗವನ್ನು ನೋಡಿದೆ. ಅದರ ಕೆಳಗೆ ನೋಡಿದೆ, ಮೇಲೆ ನೋಡಿದೆ. ಕಿಟಕಿಗೆ ಹಿಡಿದು, ತಿರುಗಿಸಿ, ಮತ್ತೊಮ್ಮೆ ನೋಡಿದೆ. ಜಡೆ ಕೆಳಗಿನಿಂದ ಮೇಲಿನವರೆಗೂ ಒಂದೇ ಥರ ಇತ್ತು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು.

ಸ್ವೆಟರನ್ನು ಅವಳ ತೊಡೆಯ ಮೇಲೆ ಇಟ್ಟೆ. "ಇದನ್ನ ಬಿಚ್ಚಬ್ಯಾಡ, ಹಿಂಗ ಇರಲಿ," ಎಂದೆ. "ನನ್ನ ಮಗಳಿಗೆ ಫೋನ್ ಹಚ್ಚು. ನೀನ ಹೇಳು. ನಾ ಮಾತಾಡಿದ್ರ ಏನೂ ಆಗಿಲ್ಲ ಅಂದುಬಿಡ್ತೀನಿ."