ಕೆಂಪು ಪೆನ್ಸಿಲಿನ ಗುರುತು

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಮಾವನ ಪುಸ್ತಕದ ಅಂಗಡಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಪಿಯುಸಿ ಮುಗಿಸಿ ಪೋಲಿ ಅಲೆಯುತ್ತಿದ್ದ ನನ್ನನ್ನು ಅವನು ಅಲ್ಲಿ ಕೂರಿಸಿದ. ಎಸ್ಸೆಸ್ಸೆಲ್ಸಿ ಗೈಡು ಕೊಂಡವರಿಗೆ ನಾನೊಂದು ಉಪಕಾರ ಮಾಡುತ್ತಿದ್ದೆ. ಪರೀಕ್ಷೆಗೆ ಬರುವ ಪ್ರಶ್ನೆಗಳಿಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ಕೊಡುವುದು. ಯಾವುದು ಬರುತ್ತದೆಂದು ನನಗೇನು ಗೊತ್ತು, ಮಣ್ಣು! ಒಂದು ವರ್ಷ ವಿಜ್ಞಾನದಲ್ಲಿ ಮೂರು ಪ್ರಶ್ನೆ ಅದು ಹೇಗೋ ಬಂದುಬಿಟ್ಟವು, ಅಷ್ಟೇ. ಕೊಟ್ಟೂರು, ಹಡಗಲಿ ಕಡೆಯವರೂ ಗೈಡು ಹಿಡಿದು ಬರತೊಡಗಿದರು. ಪಾಸಾದವರು ನನ್ನ ಹೆಸರು ಹೇಳುತ್ತಿದ್ದರು. ಫೇಲಾದವರು ಅಂಗಡಿ ಕಡೆ ತಲೆ ಹಾಕುತ್ತಿರಲಿಲ್ಲ. ಹೀಗಾಗಿ ನನ್ನ ಕೀರ್ತಿಗೆ ಏನೂ ಕೊರತೆಯಾಗಲಿಲ್ಲ.

ಒಂದು ದಿನ ಹಿರೇಹಡಗಲಿ ಕಡೆಯ ಕುರಿ ಸಾಕುವವರೊಬ್ಬರು ಮಗಳನ್ನು ಕರೆದುಕೊಂಡು ಬಂದರು.

"ಪಾಸಾದ್ರ ಮುಂದ ಓದ್ಲಿರಿ. ಫೇಲಾದ್ರ ಇಕಿ ಸೋದರಮಾವ ಕಾಯಾಕತ್ಯಾನ, ಅವನಿಗೆ ಕೊಟ್ಟು ಕೈ ತೊಳ್ಕೊಂತೀನಿ" ಅಂದರು.

ಆಗಲೇ ನಾನು "ಯಜಮಾನ್ರ, ನನಗೇನೂ ತಿಳಿಯಂಗಿಲ್ಲ" ಅನ್ನಬೇಕಿತ್ತು. ಅನ್ನಲಿಲ್ಲ. ಗಣಿತದಲ್ಲಿ ಮೂವತ್ತೈದಕ್ಕೆ ದಡ ಮುಟ್ಟಿದ ಮಹಾಶಯ ನಾನು, ಅರೆಗಣ್ಣು ಮಾಡಿ "ಹೂಂ, ಈ ಪ್ರಮೇಯ ಬಂದ ಬರ್ತೈತಿ" ಎನ್ನುತ್ತಾ ಆರೂ ವಿಷಯಕ್ಕೆ ಗುರುತು ಎಳೆದೆ.

ಹುಡುಗಿ ನನ್ನ ಪೆನ್ಸಿಲನ್ನೇ ನೋಡುತ್ತಿದ್ದಳು. "ಅಣ್ಣಾರ, ಅನುಮಾನ ಇದ್ದದ್ದಕ್ಕ ಹಾಕಬ್ಯಾಡ್ರಿ. ನಿಮಗ ಪಕ್ಕಾ ಖಾತ್ರಿ ಇದ್ದದ್ದಕ್ಕ ಅಷ್ಟ ಹಾಕ್ರಿ" ಅಂದಳು. ಎಷ್ಟು ನಂಬಿಕೆ ನೋಡು ಎಂದು ನಾನು ಉಬ್ಬಿಹೋದೆ.

ಪರೀಕ್ಷೆ ಶುರುವಾಯಿತು. ಸಮಾಜದ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿದಾಗ ಒಂದೊಂದೇ ಪ್ರಶ್ನೆ ಓದುತ್ತಾ ಹೋದೆ. ನಾನು ಗುರುತು ಹಾಕಿದ್ದರಲ್ಲಿ ಒಂದೂ ಬಂದಿರಲಿಲ್ಲ. ವಿಜ್ಞಾನವೂ ಅದೇ ಗತಿ. ಒಂದು ಹುಡುಗಿಯ ಬಾಳಿಗೆ ನನ್ನ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದು ಊಟ ಸೇರಲಿಲ್ಲ. ಫಲಿತಾಂಶದ ದಿನ ಜ್ವರದ ನೆಪ ಹೇಳಿ ಮನೆಯಲ್ಲೇ ಮಲಗಿದೆ.

ಮೂರನೆಯ ದಿನ ಅಪ್ಪ, ಮಗಳು ಅಂಗಡಿಗೆ ಬಂದರು. ಹಿಂಬಾಗಿಲಿನಿಂದ ಓಡೋಣವೆಂದರೆ ಅಂಗಡಿಗೆ ಹಿಂಬಾಗಿಲೇ ಇರಲಿಲ್ಲ. ಅಪ್ಪ ಒಂದು ಚೀಲ ಶೇಂಗಾ ಇಳಿಸಿ ಕೈಮುಗಿದರು.

"ಆರಕ್ಕ ಆರೂ ಪಾಸ್ರಿ! ಎಲ್ಲಾ ನಿಮ್ಮ ಗುರುತಿನ ಪುಣ್ಯಾ."

ಅಪ್ಪ ಬಸ್ಸು ವಿಚಾರಿಸಲು ಹೋದಾಗ ಮೆಲ್ಲಗೆ ಕೇಳಿದೆ: "ಅಲ್ಲವ್ವಾ, ನಾ ಗುರುತು ಹಾಕಿದ್ದು ಒಂದೂ ಬಂದಿಲ್ಲಲ್ಲ?"

"ಗೊತ್ತೈತ್ರಿ. ನಿಮ್ಮ ಗುರುತು ನಂಬಿ ನಮ್ಮಣ್ಣ ಎರಡು ಸಲ ಡುಮ್ಕಿ ಹೊಡ್ದಾನ, ಅಪ್ಪಗ ಆ ಗುರುತಿನ ಸುದ್ದಿ ಗೊತ್ತಿಲ್ಲ. ಅದಕ್ಕ ನಾ, ನೀವು ಬಿಟ್ಟದ್ದನ್ನ ಅಷ್ಟ ಓದಿದ್ನಿ" ಅಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಅವಳು ಕಾಲೇಜಿಗೆ ಸೇರುತ್ತಾಳಲ್ಲ, ಅಷ್ಟು ಸಾಕು ಅನ್ನಿಸಿತು. ಮುಂದಿನ ವರ್ಷ ಅವಳೂರಿನ ನಾಲ್ಕು ಹುಡುಗಿಯರು ಗೈಡು ತಂದು ನನ್ನ ಮುಂದಿಟ್ಟು, "ಅಣ್ಣಾರ, ಖಾತ್ರಿ ಇದ್ದದ್ದಕ್ಕ ಅಷ್ಟ ಹಾಕ್ರಿ" ಎಂದರು.