ಅಕ್ಕನ ಮಂಚ

ನಾವು ಕನ್ನಡದವರು ‘ನನ್ನ ಅಮ್ಮ’ ಅನ್ನುವುದು ಕಡಿಮೆ. ಒಬ್ಬಳೇ ಮಗಳಾದರೂ ‘ನಮ್ಮಮ್ಮ’ ಅಂತಲೇ ಅನ್ನುತ್ತಾಳೆ. ಹಾಗಾಗಿ ಹನ್ನೆರಡನೇ ವಯಸ್ಸಿನಲ್ಲಿ, ಕಾನ್ವೆಂಟಿನ ಫ್ರೆಂಚ್ ತರಗತಿಯಲ್ಲಿ ಮೊದಲ ಸಲ ‘ಮಾ ಮೇರ್’ ಎಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನನ್ನ ಅಮ್ಮ! ಬೇರೆ ಯಾರಿಗೂ ಪಾಲಿಲ್ಲ. ಯುರೋಪಿನ ಯುದ್ಧ ಮುಗಿದ ಹೊಸತು ಅದು. ಫ್ರಾನ್ಸಿನಿಂದ ಬಂದಿದ್ದ ಮದರ್ ಬೋರ್ಡಿನ ಮೇಲೆ ಗಂಡಿಗೆ ಮೋಂ, ಹೆಣ್ಣಿಗೆ ಮಾ, ಬಹುವಚನಕ್ಕೆ ಮೇ ಎಂದು ಬರೆದು, ‘ನನ್ನ’ ಎನ್ನುವವರು ಗಂಡಸಾದರೇನು ಹೆಂಗಸಾದರೇನು, ವಸ್ತು ಗಂಡೋ ಹೆಣ್ಣೋ ಅದನ್ನು ನೋಡಿ ಬರೆಯಿರಿ ಎಂದು ಬೆತ್ತ ತಟ್ಟಿ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಮನೆ ಹೆಣ್ಣು, ಮಂಚ ಗಂಡು. ನನ್ನ ಮಂಚ ಅನ್ನಬೇಕಾದರೆ ‘ಮೋಂ ಲೀ’.

ನಜರ್‌ಬಾದಿನ ನಮ್ಮ ಹೆಂಚಿನ ಮನೆಯಲ್ಲಿ ಇದ್ದದ್ದು ಒಂದೇ ಮಂಚ. ಬಡಗಿಯಾಗಿದ್ದ ಅಪ್ಪ ತೀರಿಕೊಳ್ಳುವ ಮುಂಚೆ ಅಕ್ಕನಿಗೆಂದು ಮಾಡಿದ್ದು. ಅಕ್ಕ ಕನ್ಯಾಸ್ತ್ರೀ ಆಗುತ್ತೇನೆಂದು ಘಟ್ಟದ ಕೆಳಗಿನ ಕಾನ್ವೆಂಟಿಗೆ ತರಬೇತಿಗೆ ಹೊರಟಾಗ ನಾನು ಅತ್ತೆ, ನಿಜ. ಆದರೆ ಅಳುತ್ತಲೇ ಮಂಚ ಇನ್ನು ನನ್ನದು ಎಂದುಕೊಂಡಿದ್ದೆ. ಅಮ್ಮ ಬಿಡಲಿಲ್ಲ. ಪ್ರತಿ ಶನಿವಾರ ಅದಕ್ಕೆ ಒಗೆದ ದುಪ್ಪಟಿ ಹಾಸುತ್ತಿದ್ದಳು. ನನಗೆ ಅದೇ ಹಳೆ ಚಾಪೆ. ಇಲ್ಲದವಳಿಗೆ ಮಂಚ, ಇರುವವಳಿಗೆ ನೆಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕನ ಕಾಗದ, ಅಕ್ಕನಿಗೆ ಹೋಗುವ ಕಾಗದ ಎಲ್ಲವನ್ನೂ ಅಲ್ಲಿನ ದೊಡ್ಡ ಮದರ್ ಮೊದಲು ಓದುತ್ತಿದ್ದರು. ಅವರಿಗೆ ಕನ್ನಡ ಬಾರದು, ಆದ್ದರಿಂದ ಫ್ರೆಂಚಿನಲ್ಲೇ ಬರೆಯಬೇಕು. ಅಮ್ಮನಿಗೋ ಯಾವ ಅಕ್ಷರವೂ ಬಾರದು. ಓದಿ ಹೇಳುವವಳೂ ನಾನೇ, ಅವಳು ಹೇಳಿದ್ದನ್ನು ಬರೆಯುವವಳೂ ನಾನೇ. ಅಕ್ಕ ಎಂದೂ ‘ನನ್ನ’ ಎಂದು ಬರೆಯುತ್ತಿರಲಿಲ್ಲ. ಕನ್ಯಾಸ್ತ್ರೀಯರಿಗೆ ಸ್ವಂತದ್ದು ಅಂತ ಏನೂ ಇರಬಾರದು. ನಮ್ಮ ಶಾಲು, ನಮ್ಮ ಚಮಚ, ನಮ್ಮ ಕರವಸ್ತ್ರ ಎಂದೇ ಅನ್ನಬೇಕಂತೆ.

ಅವಳು ಕನ್ಯಾಸ್ತ್ರೀಯ ವ್ರತ ತೆಗೆದುಕೊಳ್ಳಲು ಎರಡು ತಿಂಗಳಿರುವಾಗ ಬಂದ ಕಾಗದದ ಕೊನೆಯಲ್ಲಿ ಮಾತ್ರ ಹೀಗೊಂದು ಸಾಲಿತ್ತು: ‘ನನ್ನ ಮಂಚದ ಮೇಲೆ ಈಗ ಯಾರು ಮಲಗುತ್ತಾರೆ?’ ಅದನ್ನು ಕೇಳಿ ಅಮ್ಮ ಒಲೆ ಬಿಟ್ಟು ಎದ್ದು ಬಂದಳು.

“ಅವ್ಳಿಗೆ ಅಲ್ಲಿ ಆಯ್ತಾ ಇಲ್ಲ ಕಣಮ್ಮ. ಬರ್ದ್‌ಬುಡು. ನಿನ್ನ ಮಂಚ ಎಲ್ಲಿತ್ತೋ ಅಲ್ಲೇ ಅದೆ, ಯಾರೂ ಮುಟ್ಟಿಲ್ಲ. ಇರಕ್ಕಾಗ್ದಿದ್ರೆ ಬಂದ್ಬುಡು, ಯಾರೂ ಏನೂ ಅನ್ನಲ್ಲ ಅಂತ ಬರಿ.”

ಕೂತು ಬರೆದೆ. ಏನು ಬರೆದೆ? ‘ನಿನ್ನ ಮಂಚದ ಮೇಲೆ ನಾನು ಮಲಗುತ್ತೇನೆ. ಈಗ ಅದು ನನ್ನ ಮಂಚ. ನನ್ನ ಅಮ್ಮ ಚೆನ್ನಾಗಿದ್ದಾಳೆ. ನೀನು ಅಲ್ಲೇ ಗಟ್ಟಿಯಾಗಿ ನಿಲ್ಲಬೇಕೆಂದು ಪ್ರಾರ್ಥಿಸುತ್ತಾಳೆ.’ ಅಮ್ಮ ಹೇಳಿದ್ದನ್ನು ಬರೆಯುವಷ್ಟು ಫ್ರೆಂಚ್ ಆಗ ನನಗೆ ಬರುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಚೆನ್ನಾಗಿಯೇ ಬರುತ್ತಿತ್ತು.

“ಎಲ್ಲಾ ಬರ್ದ್ಯಾ?” ಅಂದಳು ಅಮ್ಮ.

“ಎಲ್ಲಾ ಬರ್ದೆ” ಅಂದೆ. ಅವಳು ಅಡಿಯಲ್ಲಿ ತನ್ನ ಗುರುತಿಗೆ ಒಂದು ಶಿಲುಬೆ ಗೀಚಿದಳು.

ಮಾರನೆಯ ದಿನ ಶಾಲೆಯ ಮದರ್‌ಗೆ ತೋರಿಸಿದೆ. ಗಾಬರಿಯಲ್ಲಿ ಮಂಚವನ್ನು ಹೆಣ್ಣು ಮಾಡಿ ‘ಮಾ’ ಎಂದು ಬರೆದಿದ್ದೆ. ಅದನ್ನು ಕೆಂಪು ಶಾಯಿಯಲ್ಲಿ ‘ಮೋಂ’ ಎಂದು ತಿದ್ದಿ, ಉಳಿದದ್ದೆಲ್ಲ ಸರಿಯಾಗಿದೆ ಎಂದು ತಲೆ ಸವರಿದರು.

ಉತ್ತರ ಮೂರೇ ಸಾಲು. ಮಂಚ ನಿನಗೆ ಉಪಯೋಗವಾಯಿತಲ್ಲ, ಸಂತೋಷ, ವ್ರತ ತೆಗೆದುಕೊಳ್ಳುತ್ತಿದ್ದೇನೆ, ಅಮ್ಮನಿಗೆ ನಮಸ್ಕಾರ.

“ಮಂಚದ ವಿಷ್ಯ ಏನಂದ್ಳು?”

“ಅವ್ಳಿಗೆ ಬೇಡ್ವಂತಮ್ಮ.”

ಅಮ್ಮ ದುಪ್ಪಟಿ ಕೊಡವಿ ಮತ್ತೆ ಹಾಸಿ, “ಮಲಕ್ಕೋ, ಇನ್ಮೇಲೆ ನಿಂದೇ” ಅಂದಳು. ಬೇಕೆಂದದ್ದು ಸಿಕ್ಕಿತು. ಅವತ್ತಿನಿಂದ ಅಂಚೆಯವನ ದನಿ ಕೇಳಿದರೆ ಅಮ್ಮನಿಗಿಂತ ಮೊದಲು ಬಾಗಿಲಿಗೆ ಓಡುತ್ತಿದ್ದೆ.

ಆರು ವರ್ಷದ ಮೇಲೆ ಅಕ್ಕ ಒಂದೇ ಒಂದು ಸಲ ಮನೆಗೆ ಬಂದಳು. ಅರ್ಧ ಗಂಟೆಗೆ ಅಪ್ಪಣೆ. ಜೊತೆಗೆ ಬಂದಿದ್ದ ಸಿಸ್ಟರ್ ಜಗಲಿಯಲ್ಲಿ ಕೂತರು, ಜಟಕಾ ಹೊರಗೆ ಕಾಯುತ್ತಿತ್ತು. ಅಕ್ಕ ಒಳಗೆ ಬಂದು ಅಪ್ಪ ಕಡೆದ ಮಂಚದ ಕಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೂರಲಿಲ್ಲ.

“ಅಮ್ಮಾ, ಇದ್ರ ಮೇಲೆ ಒಂದು ಗಳಿಗೆ ಕೂತ್ಕೊಳ್ಳಾ?”

ಅಮ್ಮ ಅವಳ ಮುಖ ನೋಡದೆ, “ನನ್ನ ಯಾಕೆ ಕೇಳ್ತೀಯ? ಅವ್ಳನ್ನ ಕೇಳು, ಅದೀಗ ಅವ್ಳದು” ಅಂದಳು.

ಅಮ್ಮನೇ ತನ್ನನ್ನು ಬಿಟ್ಟುಕೊಟ್ಟಳೆಂದು ಅಕ್ಕ ನಂಬಿದ್ದಳು. ಮಗಳೇ ಮನೆಯನ್ನು ಬೇಡವೆಂದಳೆಂದು ಅಮ್ಮ ನಂಬಿದ್ದಳು. ಇಬ್ಬರೂ ಎದುರಿಗೇ ಇದ್ದರು. ಓದುವ ಮದರ್ ಇರಲಿಲ್ಲ, ಫ್ರೆಂಚ್ ಬೇಕಿರಲಿಲ್ಲ, ಕನ್ನಡದಲ್ಲಿ ಒಂದು ಮಾತು ಸಾಕಿತ್ತು. ಅಕ್ಕ ನನ್ನ ಕಡೆ ತಿರುಗಿ, ಬೇರೆಯವರ ಮನೆಗೆ ಬಂದವಳ ಹಾಗೆ ಅಪ್ಪಣೆಗೆ ಕಾಯುತ್ತಾ ನಿಂತಳು.

“ಕೂತ್ಕೋ ಅಕ್ಕ” ಅಂದೆ. ಅಷ್ಟೇ ಅಂದೆ.