ಅಣಬೆಗೆ ಚಾಚಿದ ಬೆರಳು

ತೊಂಬತ್ತರ ದಶಕದಲ್ಲಿ ಮೊಳಕಾಲ್ಮೂರಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರಾಗಿದ್ದೆ. ಬಾಡಿಗೆ ಮನೆಯ ಹಿತ್ತಲಲ್ಲಿ ಬೇಸಿಗೆಗೆ ನೀರು ಕುಡಿಯಲು ಬರುವ ಪಿಕಳಾರ, ಚಳಿಗೆ ಅರಳುವ ಸೇವಂತಿಗೆ, ಎಲ್ಲ ನನ್ನದೇ ಸಾಧನೆ ಎಂಬಂತೆ ಮೆರೆಯುತ್ತಿದ್ದೆ. ಮಳೆ ಬಿದ್ದು ಹುತ್ತದ ಬುಡದಲ್ಲಿ ಅಣಬೆ ಎದ್ದಾಗ, ಮನೆಯೊಡತಿ ಬೋರಕ್ಕನನ್ನು ಕರೆದು ತೋರಿಸಿದೆ.

“ಬೆರಳು ಮಡಚಿ ತೋರಿಸ್ರಿ ಮೇಷ್ಟ್ರೇ, ಚಾಚಿದ್ರೆ ಕೊಳೀತಾವೆ,” ಅಂದರು.

ಮೂಢನಂಬಿಕೆಯ ಮೇಲೆ ಅಲ್ಲೇ ಒಂದು ಪಾಠ ಮಾಡಿ, ಬೇಕೆಂತಲೇ ಒಂದೊಂದಕ್ಕೂ ಬೆರಳು ಚಾಚಿದೆ.

ಸಂಜೆ ಶಾಲೆಯಿಂದ ಬಂದರೆ ಹುತ್ತದ ಬುಡ ಬೋಳು. ಬೋರಕ್ಕ ಬಟ್ಟಲು ಹಿಡಿದು ಬಂದರು. “ನೀವು ಹಂಗೆ ತೋರಿಸಿಬಿಟ್ರಲ್ಲ, ಕೊಳೆಯೋದ್ರೊಳಗೆ ಕಿತ್ತು ಸಾರು ಮಾಡ್ದೆ.”

ವಾದಕ್ಕೆ ತೆರೆದ ಬಾಯಿಗೆ ಮುದ್ದೆ ಇಳಿಯಿತು.

ಮರುವರ್ಷ ಅಣಬೆ ಎದ್ದಾಗ ಬೋರಕ್ಕನನ್ನು ನಾನೇ ಕರೆದು, ಎರಡೂ ಕೈಯ ಬೆರಳು ಚಾಚಿ ತೋರಿಸಿದೆ.